ಶಶಿ ಇದ್ದ ದ್ವೀಪ

ಪಾಂಡವಪುರ

ನಮ್ಮ ಕಡೆಯಿಂದ ಯಾರಾದರೂ ವಿದೇಶಕ್ಕೆ ಹೊರಟರೆ ಅದೊಂದು ಸಣ್ಣ ಮೆರವಣಿಗೆ. ಬೀಗರು ಬರುತ್ತಾರೆ, ಹಾರ ಬರುತ್ತದೆ, ವಿಮಾನ ನಿಲ್ದಾಣದ ಬಾಗಿಲಲ್ಲಿ ಫೋಟೋ ಆಗುತ್ತದೆ, ಅದು ಹತ್ತು ಜನರ ಸ್ಟೇಟಸ್ಸಿಗೆ ಏರುತ್ತದೆ. ನಾನೂ ನಮ್ಮ ಯಜಮಾನರೂ ಹೊರಟದ್ದು ಮಾತ್ರ ಕಳ್ಳರ ಹಾಗೆ. ಬೀದಿಯವರಿಗೆ ಹೇಳಿದ್ದು "ಯುರೋಪ್ ಟೂರು, ಏಳೆಂಟು ದೇಶ ಸುತ್ತಿಸ್ತಾರಂತೆ" ಎಂದು. ಹೋಗುತ್ತಿದ್ದದ್ದು ಒಂದೇ ದೇಶಕ್ಕೆ, ಮಾಲ್ಟಾಕ್ಕೆ. ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ದ್ವೀಪ. ಇಡೀ ದೇಶ ನಮ್ಮ ಪಾಂಡವಪುರ ತಾಲ್ಲೂಕಿಗಿಂತ ಚಿಕ್ಕದು.

ಅಲ್ಲಿ ನನ್ನ ತಂಗಿ ಜಯಳ ಮಗಳು ಶಶಿ ನರ್ಸ್ ಆಗಿದ್ದಳು. ಅವಳನ್ನು ನಾಗಮಂಗಲಕ್ಕೆ ಕೊಟ್ಟಿತ್ತು. ಗಂಡನದು ಮೊಬೈಲ್ ಅಂಗಡಿ. ಅವನ ಹೆಸರನ್ನು ಇಲ್ಲಿ ಬರೆಯುವ ಮನಸ್ಸಿಲ್ಲ. ಮದುವೆಯಾದ ವಾರದಲ್ಲೇ ಹೊಸ ಫೋನ್ ಉಡುಗೊರೆ ಕೊಟ್ಟ, ನಾವೆಲ್ಲ ಹೊಗಳಿದೆವು. ಆ ಫೋನಿನೊಳಗೆ ಅವಳು ಎಲ್ಲಿ ಹೋದಳು, ಯಾರಿಗೆ ಏನು ಬರೆದಳು ಎಂಬುದೆಲ್ಲ ಅವನಿಗೆ ತಿಳಿಯುವಂತೆ ಮಾಡಿಟ್ಟಿದ್ದ. ಡ್ಯೂಟಿ ಮುಗಿದು ಬಸ್ಸು ತಡವಾದರೆ ಬೆಲ್ಟು. ಕೇಸು ಹಾಕಿ ಹೊರಬಂದಳು. ಬೆಂಗಳೂರಿನಲ್ಲಿ ಹಾಸ್ಟೆಲ್ ಗೇಟಿಗೆ ಬಂದು ನಿಂತ. ಮಂಗಳೂರಿಗೆ ಹೋದಳು, ಅಲ್ಲೂ ಬಂದು ನಿಂತ. ಆಮೇಲೆ ಅವಳು ದೇಶವನ್ನೇ ಬಿಟ್ಟಳು. ಅವನು ಎಲ್ಲರೆದುರು ಹೇಳಿದ ಮಾತು ಒಂದೇ, "ಎಲ್ಲಿದ್ರೂ ಬುಡಕಿಲ್ಲ. ಜುಟ್ಟು ಹಿಡ್ದು ಎಳ್ಕಂಡ್ ಬತ್ತೀನಿ."

ಜಯ ಮಗಳನ್ನು ನೋಡಿ ಬಹಳ ಕಾಲವಾಗಿತ್ತು. ಅವಳೇ ಹೋಗುವಂತಿಲ್ಲ. ತೊಣ್ಣೂರಿನ ಅವಳ ಮನೆಯಿಂದ ಡೈರಿಗೆ ಹಾಲು ಹಾಕಲು ಹೋದರೂ ನಾಗಮಂಗಲಕ್ಕೆ ಸುದ್ದಿ ಮುಟ್ಟುತ್ತಿತ್ತು. ಆದ್ದರಿಂದ ನಾವು ಹೊರಟೆವು. ಜಯ ರಾಗಿ ಹಿಟ್ಟು, ಹುರುಳಿಕಾಳು ಕಟ್ಟಿಕೊಟ್ಟು, ಕೊನೆಗೆ ಒಂದು ರವಿಕೆ ಕಣದಲ್ಲಿ ಮಡಿಲಕ್ಕಿ ಗಂಟು ಹಾಕಿದಳು. "ಗಂಡನ್ ಮನೆಗೋಗ್ಲಿ ಅಂತಲ್ಲ ಕಣಕ್ಕ. ನನ್ ಮಗ್ಳು ಎಲ್ಲವ್ಳೋ ಅಲ್ಲೇ ತಣ್ಗಿರ್ಲಿ ಅಂತ" ಎಂದಳು.

ದಾರಿಯಲ್ಲಿ

ಹೊರಡುವ ಮೊದಲೇ ಶಶಿ ವಿಡಿಯೋ ಕಾಲ್ ಮಾಡಿ ನಮ್ಮಿಬ್ಬರ ಫೋನಿಗೂ ವಿಪಿಎನ್ ಹಾಕಿಸಿದ್ದಳು. ದುಡ್ಡು ಕೊಟ್ಟು ಕೊಂಡದ್ದು. "ಬಿಟ್ಟಿದು ಹಾಕ್ಬೇಡಿ ದೊಡ್ಡಪ್ಪ. ಬಿಟ್ಟಿ ಕೊಡೋರಲ್ಲಿ ಎಷ್ಟೋ ಜನ ನಮ್ಮದನ್ನೇ ಕದ್ದು ಮಾರ್ಕೋತಾರೆ" ಎಂದು ನಮ್ಮ ಯಜಮಾನರಿಗೆ ಎರಡೆರಡು ಸಲ ಹೇಳಿದಳು. ಅವರು ಬೂಕನಕೆರೆಯ ಬೇಸಾಯಗಾರರು. ಪುಕ್ಕಟೆ ಸಿಕ್ಕುವುದನ್ನು ಬೇಡ ಎನ್ನುವುದು ಅವರ ಜಾತಕದಲ್ಲಿ ಬರೆದಿಲ್ಲ.

ಅದು ಏನು ಮಾಡುತ್ತದೆ ಎಂದು ನನಗೆ ಮೊದಲು ತಿಳಿಯಲಿಲ್ಲ. ಶಾಲೆಯಲ್ಲಿ ಪಾಠ ಮಾಡಿದವಳು, ತಿಳಿಯದೆ ತಲೆಯಾಡಿಸುವುದು ನನ್ನಿಂದಾಗದು. ಶಶಿ ಸಮಾಧಾನದಿಂದ ಹೇಳಿದಳು. ನಮ್ಮ ಫೋನಿನಿಂದ ಹೋಗುವುದೆಲ್ಲ ಬೀಗ ಹಾಕಿದ ಒಂದು ದಾರಿಯಲ್ಲಿ ಬೇರೆ ಊರಿನ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಹೊರಗೆ ಬರುತ್ತದೆ. ನಡುವೆ ವೈಫೈ ಕೊಟ್ಟವನಿಗೆ ಒಳಗೇನಿದೆ ಎಂದು ಕಾಣದು. ಆಚೆ ತುದಿಯವನಿಗೆ ನಾವು ಆ ಬೇರೆ ಊರಲ್ಲೇ ಇದ್ದಂತೆ ಕಾಣುತ್ತದೆ. ನಮ್ಮ ವಿ.ಸಿ. ನಾಲೆ ಹುಲಿಕೆರೆ ಸುರಂಗದಲ್ಲಿ ಹೊಕ್ಕು ಆಚೆ ಕಡೆ ಏಳುತ್ತದಲ್ಲ, ಮೇಲೆ ಹೊಲದಲ್ಲಿ ನಿಂತವನಿಗೆ ಕಾಲ ಕೆಳಗೆ ನೀರು ಹರಿಯುವುದೇ ಗೊತ್ತಾಗುವುದಿಲ್ಲ, ಹಾಗೆ ಎಂದುಕೊಂಡೆ. ಅವಳು ಇನ್ನೊಂದು ಮಾತನ್ನೂ ಹೇಳಿದ್ದಳು. "ಇದು ಫೋನಿಂದ ಹೋಗೋದಕ್ಕೆ ಮಾತ್ರ ದೊಡ್ಡವ್ವ. ನೀವು ಫೋಟೋ ಹಾಕಿದ್ರೆ, ಯಾರ ಹತ್ರಾನಾದ್ರೂ ಹೇಳಿದ್ರೆ, ಇದರ ಕೈಲಿ ಏನೂ ಆಗಲ್ಲ."

ದಾರಿಯಲ್ಲಿ ವಿಮಾನ ಬದಲಿಸುವ ನಿಲ್ದಾಣದಲ್ಲಿ ಯಜಮಾನರು ಫೋನ್ ತೆಗೆದು ಕೂತರು. ಅವರಿಗೆ ದಿನ ಬೆಳಗಾದರೆ ಕನ್ನಂಬಾಡಿ ಕಟ್ಟೆಯಲ್ಲಿ ಎಷ್ಟು ಅಡಿ ನೀರಿದೆ ಎಂದು ನೋಡದಿದ್ದರೆ ಕಾಫಿ ಇಳಿಯದು. ವಿಡಿಯೋ ಒತ್ತಿದರೆ ನೀರಿನ ಸುದ್ದಿಗೆ ಮೊದಲು ಒಬ್ಬ ಹೆಂಗಸು ಗಂಟಲೊಳಗಿನಿಂದ ಏನೋ ಮಾತಾಡಿದಳು. ಮತ್ತೆ ಒತ್ತಿದರು, ಮತ್ತೆ ಅವಳೇ.

"ಇದ್ಯಾವ್ ಬಾಸೆಯೇ ಟೀಚರಮ್ಮ? ಕಟ್ಟೆ ನೀರ್ ಕೇಳುದ್ರೆ ಇವಳ್ಯಾರು ಸೋಪ್ ಮಾರ್ತಾವ್ಳೆ?"

"ಜರ್ಮನ್ನು. ನಿಮ್ಮ ಫೋನು ಈಗ ಜರ್ಮನಿಯಲ್ಲಿದೆ."

"ನಾನೆಲ್ಲಿವ್ನಿ ಹಂಗಾದ್ರೆ?"

ಪಕ್ಕದ ಕುರ್ಚಿಯವರು ತಿರುಗಿ ನೋಡುವಷ್ಟು ನಕ್ಕೆ. ಆ ಪ್ರವಾಸದಲ್ಲಿ ನಾನು ಹಾಗೆ ನಕ್ಕದ್ದು ಅದೇ ಕೊನೆ.

ಹಳದಿ ಕಲ್ಲಿನ ಊರು

ಮಾಲ್ಟಾ ಪೂರ್ತಿ ಒಂದೇ ಕಲ್ಲಿನದು. ಮನೆ, ಗೋಡೆ, ಚರ್ಚು, ಹೊಲದ ಬೇಲಿ ಎಲ್ಲವೂ ಬೆಲ್ಲದ ಬಣ್ಣದ ಕಲ್ಲು. ನಮ್ಮ ಶ್ರೀರಂಗಪಟ್ಟಣದ ಕೋಟೆಗೋಡೆ ಕಪ್ಪಗೆ ಬಿಗಿದುಕೊಂಡು ನಿಂತಿದ್ದರೆ, ಅಲ್ಲಿಯ ಕೋಟೆಗಳು ಸಂಜೆ ಬಿಸಿಲಿಗೆ ಮೆತ್ತಗಾದಂತೆ ಕಾಣುತ್ತವೆ. ಹೊಳೆ ಎಂಬುದೇ ಇಲ್ಲ. ನಲ್ಲಿಯಲ್ಲಿ ಬರುವುದು ಹೆಚ್ಚಿನಂಶ ಸಮುದ್ರದ ನೀರನ್ನೇ ಸಿಹಿ ಮಾಡಿದ್ದು. ಯಜಮಾನರು ಒಂದು ಗುಟುಕು ಕುಡಿದು, "ಇದರಲ್ಲಿ ಬತ್ತ ಬೆಳ್ಯಕ್ಕಾಗಕಿಲ್ಲ" ಎಂದು ತೀರ್ಪು ಕೊಟ್ಟರು.

ಆ ಜನರ ಒಂದು ಅಭ್ಯಾಸ ನನಗೆ ಹಿಡಿಸಿತು. ಮನೆಗಳಿಗೆ ಹೆಸರಿಡುತ್ತಾರೆ, ಬಾಗಿಲ ಪಕ್ಕ ಕಲ್ಲಿನ ಮೇಲೆ ಕೆತ್ತಿಸುತ್ತಾರೆ. ಅರ್ಧಕ್ಕರ್ಧ ದೇವರ ಹೆಸರು. ಇನ್ನು ಕೆಲವು, ಹಿಂದೆ ದುಡಿಯಲು ಹೋಗಿ ಬಂದ ಊರುಗಳ ಹೆಸರು. ಆಸ್ಟ್ರೇಲಿಯಾದಲ್ಲಿ ದುಡಿದು ಬಂದವನು ಅಲ್ಲಿಯ ಊರನ್ನು ಬಾಗಿಲಿಗೆ ತಗುಲಿಸಿ ಹೆಮ್ಮೆಯಿಂದ ಕೂತಿರುತ್ತಾನೆ. ಶಶಿ ಇದ್ದದ್ದು ಅಂಥ ಒಂದು ಮನೆಯ ಮಹಡಿಯಲ್ಲಿ. ಕೆಳಗೆ ಮನೆಯೊಡತಿ ಕಾರ್ಮೆನ್, ವಯಸ್ಸಾದ ವಿಧವೆ. ಕೆಳಗಿನ ಕರೆಗಂಟೆಯ ಪಕ್ಕದಲ್ಲಿ ಕಾರ್ಮೆನ್ ಹೆಸರಿತ್ತು, ಮೇಲಿನದರ ಪಕ್ಕ ಖಾಲಿ ಬಿಳಿ ಕಾಗದ.

ಶಶಿ ಬಾಗಿಲು ತೆರೆದು ನನ್ನನ್ನು ಅಪ್ಪಿಕೊಂಡಳು. ಬಿಡಲೇ ಇಲ್ಲ. ಮಗು ಸೊರಗಿರಲಿಲ್ಲ, ಮೈಕೈ ತುಂಬಿಕೊಂಡಿದ್ದಳು, ಅದೇ ನನಗೆ ಅಳು ಬರಿಸಿತು. ನಾಗಮಂಗಲದಿಂದ ಬಂದಾಗ ಅವಳ ಕುತ್ತಿಗೆ ಮೂಳೆ ಎಣಿಸಬಹುದಿತ್ತು. ಮಡಿಲಕ್ಕಿ ಕೊಟ್ಟಾಗ ನೈಟಿಯ ಮೇಲೆ ಒಂದು ಟವೆಲ್ಲನ್ನೇ ಸೆರಗಿನಂತೆ ಹಿಡಿದು ತೆಗೆದುಕೊಂಡಳು. ಅವತ್ತು ಮುದ್ದೆ, ಹುರುಳಿ ಸಾರು. ಕಾರ್ಮೆನ್ ಮೂಗಿಗೆ ವಾಸನೆ ಬಡಿದು ಮೇಲೆ ಬಂದಳು. ಮುದ್ದೆಯನ್ನು ಅಗಿದಳು. ನುಂಗಬೇಕು ಎಂದು ಯಜಮಾನರು ಕನ್ನಡದಲ್ಲೇ ಗದರಿದರು.

ಎರಡು ಗಡಿಯಾರದ ಚರ್ಚು

ಅವಳ ಬೀದಿಯ ಕೊನೆಗೆ ಒಂದು ದೊಡ್ಡ ಚರ್ಚು. ಮುಂಭಾಗದ ಎರಡು ಗೋಪುರಗಳಲ್ಲಿ ಎರಡು ಗಡಿಯಾರ. ಒಂದು ನನ್ನ ಕೈಗಡಿಯಾರಕ್ಕೆ ಹೊಂದಿತು, ಇನ್ನೊಂದು ಬೇರೇನೋ ತೋರಿಸುತ್ತಿತ್ತು. ಕೆಟ್ಟಿದೆಯೇ ಎಂದು ಕಾರ್ಮೆನಳನ್ನು ಕೇಳಿದೆ. ಇಲ್ಲವಂತೆ, ಬೇಕೆಂದೇ ಹಾಗಿಟ್ಟಿದ್ದಾರಂತೆ. ಸರಿಯಾದದ್ದು ಊರಿನವರಿಗೆ, ತಪ್ಪಾದದ್ದು ಸೈತಾನನಿಗೆ. ಪ್ರಾರ್ಥನೆ ಯಾವ ಹೊತ್ತಿಗೆ ಎಂದು ಅವನಿಗೆ ತಿಳಿಯಬಾರದಲ್ಲ. ಆ ದ್ವೀಪದ ಎಷ್ಟೋ ಚರ್ಚುಗಳು ಹೀಗೇ. ನಾವು ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವವರು, ನಗುವ ಹಕ್ಕು ನಮಗಿಲ್ಲ.

"ನಾನೂ ಒಂದು ತಪ್ಪು ಗಡಿಯಾರ ಇಟ್ಟಿದ್ದೀನಿ ದೊಡ್ಡವ್ವ" ಎಂದಳು ಶಶಿ. ಮದುವೆಯಾದ ಹೊಸದರಲ್ಲಿ ಅವನು ತನ್ನ ಅಂಗಡಿಯಲ್ಲೇ ಕೂತು ಅವಳಿಗೊಂದು ಇಮೇಲ್ ಖಾತೆ ಮಾಡಿಕೊಟ್ಟಿದ್ದ. ಪಾಸ್‌ವರ್ಡ್ ಅವನಿಗೂ ಗೊತ್ತು. ಯಾವ ಊರಿನಿಂದ ಖಾತೆ ತೆರೆದಿದ್ದಾರೆ ಎಂಬುದು ಅದರಲ್ಲೇ ನಮೂದಾಗುತ್ತದೆ. ಮಂಗಳೂರಿನಲ್ಲಿ ಅವಳು ಸಿಕ್ಕಿಬಿದ್ದದ್ದು ಹಾಗೆ. ಈಗ ಅವಳ ಫೋನ್ ಬೇರೆ, ನಂಬರ್ ಬೇರೆ, ಖಾತೆಗಳೆಲ್ಲ ಬೇರೆ. ಆ ಹಳೆಯದೊಂದನ್ನು ಮಾತ್ರ ಮುಚ್ಚಿಲ್ಲ. ಹಳೆಯ ಫೋನೊಂದನ್ನು ಪೂರ್ತಿ ಅಳಿಸಿ, ಆ ಕೆಲಸಕ್ಕೆಂದೇ ಇಟ್ಟುಕೊಂಡಿದ್ದಳು. ಆಗೀಗ ವಿಪಿಎನ್ನನ್ನು ಜರ್ಮನಿಗೆ ತಿರುಗಿಸಿ ಖಾತೆ ತೆರೆದು ಮುಚ್ಚುತ್ತಾಳೆ. ನಾಗಮಂಗಲದಲ್ಲಿ ಕೂತು ಅವನು ಅದನ್ನು ನೋಡುತ್ತಾನೆ. "ಜರ್ಮನಿಲವ್ಳೆ" ಎಂದು ಸ್ನೇಹಿತರಿಗೆ ಹೇಳಿಕೊಂಡು ತಿರುಗುವುದು ಜಯಳ ಕಿವಿಗೂ ಬಿದ್ದಿತ್ತು. ಅಷ್ಟು ಕಾಲ ಅವಳು ನೆಮ್ಮದಿಯಾಗಿ ಮಲಗಿದ್ದು ಆ ಸುಳ್ಳಿನ ಮರೆಯಲ್ಲಿ.

ಆದರೂ ಭಯ ಪೂರ್ತಿ ಹೋಗಿರಲಿಲ್ಲ. ಭಾನುವಾರ ಮಾರ್ಸಶ್ಲೋಕ್ ಎಂಬ ಬೆಸ್ತರ ಊರಿಗೆ ಕರೆದುಕೊಂಡು ಹೋದಳು. ಹಳದಿ ನೀಲಿ ಬಣ್ಣದ ದೋಣಿಗಳು, ಮೂತಿಯ ಎರಡೂ ಕಡೆ ಕಣ್ಣು ಬರೆದಿರುತ್ತಾರೆ. ಪ್ರವಾಸಿಗರು ಸುತ್ತ ಫೋನ್ ಎತ್ತಿ ಚಿತ್ರ ತೆಗೆಯುತ್ತಿದ್ದರು. ಯಾರು ಫೋನ್ ಎತ್ತಿದರೂ ಶಶಿ ಮುಖ ತಿರುಗಿಸುತ್ತಿದ್ದಳು. ನನ್ನೊಡನೆ ಮಾತಾಡುತ್ತಲೇ ತಿರುಗಿಸುತ್ತಿದ್ದಳು, ತಾನು ಹಾಗೆ ಮಾಡುತ್ತಿದ್ದೇನೆಂಬ ಅರಿವೂ ಇದ್ದಂತಿರಲಿಲ್ಲ. ಆ ಮೀನು ಸಂತೆಯಲ್ಲಿ ನಿಂತು ನಾನು ಅವನಿಗೆ ಹಾಕಿದ ಶಾಪವನ್ನು ಇಲ್ಲಿ ಬರೆದರೆ ಅಚ್ಚು ಹಾಕುವವರು ಒಪ್ಪಲಾರರು.

ವಲೆಟ್ಟಾದ ಬಸ್ ನಿಲ್ದಾಣ

ವಲೆಟ್ಟಾ ರಾಜಧಾನಿ. ಕೋಟೆಬಾಗಿಲ ಹೊರಗೆ ಬಸ್ ನಿಲ್ದಾಣ, ದ್ವೀಪದ ಬಹುಪಾಲು ಬಸ್ಸುಗಳು ಅಲ್ಲಿಗೇ ಬಂದು ಅಲ್ಲಿಂದಲೇ ಹೊರಡುತ್ತವೆ. ಶಶಿಗೆ ಅವತ್ತು ಡ್ಯೂಟಿ. ನಾವಿಬ್ಬರೇ ಊರು ನೋಡಿ ಬಂದಿದ್ದೆವು. ಯಜಮಾನರನ್ನು ಬೆಂಚಿನ ಮೇಲೆ ಕೂರಿಸಿ ನಾನು ಕಿತ್ತಳೆ ಹಣ್ಣು ತರಲು ಹೋದೆ. ಬಿಳಿ ಪಂಚೆ, ಮೇಲೆ ಸ್ವೆಟರು, ತಲೆಗೆ ಮಫ್ಲರು. ಅಷ್ಟು ದೊಡ್ಡ ನಿಲ್ದಾಣದಲ್ಲಿ ಅವರು ಯಾರ ಕಣ್ಣಿಗೂ ಬೀಳದಿರಲು ಸಾಧ್ಯವಿರಲಿಲ್ಲ.

ಹಿಂದಿರುಗಿ ಬಂದಾಗ ಅವರ ಹೆಗಲ ಮೇಲೆ ಕೈ ಹಾಕಿ ಒಬ್ಬ ಬಸ್ ಡ್ರೈವರ್ ಕೂತಿದ್ದ. ಇಬ್ಬರ ಕಣ್ಣಲ್ಲೂ ನೀರು.

"ಲೇ, ನೋಡೇ ಇಲ್ಲಿ! ಕಿಕ್ಕೇರಿಯೋನು ಕಣೇ! ಪುಟ್ಸಾಮಿ ಅಂತ. ನಮ್ ದೊಡ್ಡಕ್ಕನ್ ಗಂಡನ ಪೈಕಿ!"

"ಸರಣು ಕಣಕ್ಕ" ಎಂದು ಎದ್ದು ನಿಂತ ಪುಟ್ಟಸ್ವಾಮಿ. "ಪಂಚೆ ನೋಡ್ದೇಟ್ಗೆ ಜೀವ ಬಂದಂಗಾಯ್ತು. ಯಾವೂರು ಸಾಮಿ ಅಂದೆ. ಬೂಕನಕೆರೆ ಅಂದ್ಬುಟ್ರು! ಮೊದ್ಲು ನಾನು ಪೇಟೆ–ನಾಗಮಂಗಲ ರೂಟಲ್ಲಿ ಬಸ್ ಓಡುಸ್ತಿದ್ದೆ. ಆ ಕಡೆ ಮನೆಮನೆಯೋರೂ ಗೊತ್ತು."

ನಾಗಮಂಗಲ ಎಂಬ ಹೆಸರು ಕೇಳಿದೊಡನೆ ಕಿತ್ತಳೆಯ ಚೀಲ ಕೈಯಲ್ಲಿ ಭಾರವಾಯಿತು.

ನಮ್ಮ ಸೀಮೆಯವರನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಇಬ್ಬರು ಎದುರಾದರೆ ಮೊದಲ ಪ್ರಶ್ನೆ ಯಾವೂರು, ಎರಡನೆಯದು ಯಾರ ಪೈಕಿ. ಎಲ್ಲಾದರೂ ಒಂದು ನೆಂಟಸ್ತಿಕೆ ಸಿಕ್ಕುವ ತನಕ ಬಿಡುವುದಿಲ್ಲ. ಸಿಕ್ಕಮೇಲೆ ಮನೆಯ ಕಥೆಯನ್ನೆಲ್ಲ ಹೇಳಿಕೊಳ್ಳದಿದ್ದರೆ ಅದು ಅವಮಾನ. ಯಜಮಾನರು ಆ ಪ್ರಶ್ನೆಯನ್ನು ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ ಡಾಕ್ಟರಿಗೂ ಕೇಳಿದವರು.

"ಏನೇನು ಹೇಳಿದ್ರಿ?" ಎಂದು ಮನೆಗೆ ಮರಳುವ ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ.

"ಏನೂ ಇಲ್ಲ ಕಣೇ. ಮಗಳ್ ನೋಡಕ್ ಬಂದಿವ್ನಿ ಅಂದೆ. ಅವಳ್ ಹೆಸ್ರು ಎತ್ಲಿಲ್ಲ, ಮನೆ ಎಲ್ಲಿ ಅಂತ ಹೇಳ್ಲಿಲ್ಲ. ಒಂದ್ ಪಟ ಹಿಡ್ಕಂಡ, ಅಷ್ಟೇಯ."

"ಫೋಟೋನಾ? ಯಾರಿಗೂ ಕಳಿಸಬೇಡ ಅಂತ ಹೇಳಿದ್ರಾ?"

ಅವರು ಕಿಟಕಿಯ ಹೊರಗೆ ನೋಡಿದರು. ಅವರ ಜೇಬಿನ ಫೋನಿನಲ್ಲಿ ವಿಪಿಎನ್ ಆನ್ ಆಗಿಯೇ ಇತ್ತು.

ಪುಟ್ಟಸ್ವಾಮಿ ಕೊಟ್ಟಿದ್ದ ನಂಬರಿಗೆ ಬಸ್ಸಿನಿಂದಲೇ ಫೋನ್ ಮಾಡಿದೆ. ಎತ್ತಲಿಲ್ಲ, ತನ್ನ ಗಾಡಿ ಓಡಿಸುತ್ತಿದ್ದ. ಸಂಜೆ ಸಿಕ್ಕಿದ. ಕಿಕ್ಕೇರಿ ಗೆಳೆಯರ ಗ್ರೂಪಿಗೆ ಆಗಲೇ ಹಾಕಿಬಿಟ್ಟಿದ್ದ. "ಮಾಲ್ಟಾದಲ್ಲಿ ನಮ್ ಬೂಕನಕೆರೆ ಗೌಡ್ರು ಸಿಕ್ಕುದ್ರು, ಮಗಳ್ ನೋಡಕ್ ಬಂದವ್ರೆ" ಎಂದು ಬರೆದು ಕೈ ಮುಗಿದ ಚಿತ್ರ ಬೇರೆ. ವಿಷಯ ತಿಳಿಸಿದಾಗ ಆ ದೊಡ್ಡ ಗಂಡಸು ಫೋನಿನಲ್ಲೇ ಅತ್ತ. "ನಮ್ಮೂರೋರು ಸಿಕ್ಕುದ್ರು ಅಂತ ಖುಸೀಲಿ ಹಾಕ್ದೆ ಕಣಕ್ಕ. ಈಗ್ಲೇ ಅಳಿಸ್ತೀನಿ." ಅಳಿಸಿದ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ನಾನು ಎಷ್ಟು ಮಕ್ಕಳಿಗೆ ಕಾಪಿ ಬರೆಸಿದ್ದೇನೋ.

ಜಯಳ ಫೋನು

ಮಾರನೆಯ ಬೆಳಿಗ್ಗೆ ನಾವು ಮೂವರೂ ತಿಂಡಿಗೆ ಕೂತಿದ್ದಾಗ ಜಯ ಫೋನ್ ಮಾಡಿದಳು. ಶಶಿ ಸ್ಪೀಕರಿಗೆ ಹಾಕಿದಳು.

"ಅಕ್ಕಾ, ಅವ ಫೋನ್ ಮಾಡಿದ್ದ. 'ಏನತ್ತೆ, ನಿಮ್ ಭಾವನೋರು ಮಾಲ್ಟಾದಲ್ಲಿ ಪಂಚೆ ಉಟ್ಕಂಡ್ ಕುಂತವ್ರೆ. ಮಗಳ್ ನೋಡಕ್ ಹೋಗವ್ರಂತೆ. ಅವ್ರಿಗಿರೋದು ಇಬ್ರೂ ಗಂಡುಡುಗ್ರಲ್ವ? ಮೊದ್ಲೇ ಹೇಳಿದ್ರೆ ನಾನೂ ಜೊತೇಲೇ ಹೋಯ್ತಿದ್ದೆ' ಅಂದ. ನಗ್ತಿದ್ದ ಕಣಕ್ಕ."

ಯಜಮಾನರ ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಕೂತಿತು. ಶಶಿ ತಾಯಿಯನ್ನು ಕೇಳಿದ್ದು ಒಂದೇ, "ನೀನೇನಂದೆ?"

"ಏನೂ ಅನ್ನಲಿಲ್ಲ ಮಗ. ಫೋನ್ ಮಡಗ್ಬುಟ್ಟೆ."

ಶಶಿ ಅಳಲಿಲ್ಲ, ಬಯ್ಯಲಿಲ್ಲ. ಎದ್ದು ಹೋಗಿ ಒಲೆ ಆರಿಸಿದಳು. ಆಮೇಲೆ ಅಡುಗೆಮನೆಯ ಕಪಾಟನ್ನು ತೆರೆದು ನೋಡುತ್ತ ನಿಂತಳು. ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು ಎಂದು ಅವಳು ಲೆಕ್ಕ ಹಾಕುತ್ತಿದ್ದಾಳೆ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಇರು ಮಗ. ದೇಶ ತಿಳಿದ ಮಾತ್ರಕ್ಕೆ ಮನೆ ಸಿಕ್ಕುತ್ತದೆಯೇ?" ಎಂದೆ.

"ಎಷ್ಟು ಆಸ್ಪತ್ರೆ ಇದಾವೆ ದೊಡ್ಡವ್ವ ಇಲ್ಲಿ? ಬಸ್ಸಲ್ಲಿ ಕೂತರೆ ಒಂದು ದಿನಕ್ಕೆ ಎಲ್ಲಾ ನೋಡಬಹುದು. ಎರಡು ಸಲ ಓಡಿದೀನಿ. ಮೂರನೇ ಸಲ ಅವನು ಗೇಟಿಗೆ ಬರೋವರೆಗೂ ಕಾಯಲ್ಲ."

ಯಜಮಾನರು ಎದ್ದು ಅವಳ ಮುಂದೆ ಹೋಗಿ ನಿಂತರು. ಅಷ್ಟು ವರ್ಷದ ಸಂಸಾರದಲ್ಲಿ ಅವರು ಯಾರೆದುರೂ ಹಾಗೆ ತಲೆ ತಗ್ಗಿಸಿ ನಿಂತದ್ದನ್ನು ನಾನು ಕಂಡಿಲ್ಲ.

"ನನ್ ಬಾಯಿ ಬಿದ್ದೋಗ. ನಿನ್ ಮನೆಗೆ ನಾನೇ ಕೊಳ್ಳಿ ಮಡುಗ್ದೆ ಕಣವ್ವ."

ಶಶಿ ಅವರ ಕೈ ಹಿಡಿದುಕೊಂಡಳು. "ದೊಡ್ಡಪ್ಪ, ಅವರು ಯಾವೂರು ಅಂತ ಕೇಳಿದ್ರು. ನೀವು ಹೇಳಿದ್ರಿ. ಅದು ಯಾವತ್ತಿಂದ ತಪ್ಪಾಯ್ತು? ಹಂಗೆ ಹೇಳಕ್ಕೂ ಹೆದರ್ಕೊಳ್ಳೋ ಹಾಗೆ ಮಾಡಿದೋನದು ತಪ್ಪು."

ಗಲಾಟೆ ಕೇಳಿ ಕಾರ್ಮೆನ್ ಮೇಲೆ ಬಂದಳು. ವಿಷಯ ತಿಳಿದು, ಕೋಟು ತೊಟ್ಟುಕೊಂಡು ಶಶಿಯನ್ನು ತಾನೇ ಪೊಲೀಸ್ ಠಾಣೆಗೆ ಕರೆದುಕೊಂಡು ಹೋದಳು. ಅಲ್ಲಿಯವರು ಮರ್ಯಾದೆಯಿಂದ ಕೇಳಿಸಿಕೊಂಡರು, ಬರೆದುಕೊಂಡರು, ಅವನು ಬಂದದ್ದು ಗೊತ್ತಾದರೆ ಕೂಡಲೇ ಕರೆಯಿರಿ ಎಂದರು. ಶಶಿಗೆ ಆ ಮಾತು ಹೊಸದಲ್ಲ. ಅವತ್ತೇ ಬೇರೆ ದೇಶಗಳ ಆಸ್ಪತ್ರೆಗಳಿಗೆ ಅರ್ಜಿ ಹಾಕಲು ಕೂತಳು. ನಾನು ಪಕ್ಕದಲ್ಲಿ ಕೂತು ಕಿತ್ತಳೆ ಸುಲಿದುಕೊಟ್ಟೆ, ಅದಕ್ಕಿಂತ ಹೆಚ್ಚೇನೂ ನನ್ನಿಂದ ಮಾಡಲಾಗಲಿಲ್ಲ. ಅವಳು ಯಾವ ದೇಶದ ಹೆಸರು ಬರೆಯುತ್ತಿದ್ದಾಳೆ ಎಂದು ನೋಡಲು ಹೋದಾಗ ಲ್ಯಾಪ್‌ಟಾಪನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡಳು. ನನಗೆ ಚುರ್ ಎಂದಿತು. ಆದರೆ ಅವಳು ಮಾಡಿದ್ದೇ ಸರಿ.

ಮತ್ತೆ ಪಾಂಡವಪುರ

ನಾವು ಹಿಂದಿರುಗಿ ಬಂದೆವು. ಬೀದಿಯವರು ಬಂದು ಕೂತು, ಏಳೆಂಟು ದೇಶ ಹೇಗಿದ್ದವು ಎಂದು ಕೇಳಿದರು. ಯಜಮಾನರು ಒಳಗೆ ಹೋಗಿ ಮಲಗಿಬಿಟ್ಟರು. ಈಗ ಪೇಟೆ ಬಸ್ಸಿನಲ್ಲಿ ಪಕ್ಕದವರು ಮಾತಿಗೆಳೆದರೂ ಅವರು ಕಿಟಕಿಯ ಕಡೆ ತಿರುಗಿಕೊಳ್ಳುತ್ತಾರೆ. ನಾಗಮಂಗಲದವನು ಪಾಸ್‌ಪೋರ್ಟ್ ಮಾಡಿಸುತ್ತಿದ್ದಾನೆ ಎಂಬ ಸುದ್ದಿ ಬಂತು. ಆಮೇಲೆ ನಿಜವಾಗಿಯೂ ಮಾಲ್ಟಾಕ್ಕೆ ಹೋಗಿ ಬಂದನಂತೆ. ಆಸ್ಪತ್ರೆಗಳ ಬಾಗಿಲಲ್ಲಿ ಫೋಟೋ ತೋರಿಸಿ ವಿಚಾರಿಸಿದನಂತೆ. ಅಷ್ಟು ಹೊತ್ತಿಗೆ ಶಶಿ ಅಲ್ಲಿರಲಿಲ್ಲ.

ಇದನ್ನು ಬರೆಯುವ ಮುನ್ನ ಅವಳ ಒಪ್ಪಿಗೆ ಕೇಳಿದೆ. ಕಾರ್ಮೆನ್, ಪುಟ್ಟಸ್ವಾಮಿ ಎಂಬುವು ನಾನಿಟ್ಟ ಹೆಸರುಗಳು, ಶಶಿ ಎಂಬುದೂ ಅಷ್ಟೆ. ದೇಶದ ಹೆಸರನ್ನೂ ಬದಲಿಸಲೇ ಎಂದೆ.

"ಬೇಡ ದೊಡ್ಡವ್ವ. ಇದ್ದದ್ದನ್ನ ಇದ್ದ ಹಾಗೇ ಬರಿ. ಅದೀಗ ನಾನಿಲ್ಲದ ಊರು" ಎಂದಳು.

ಈಗ ಎಲ್ಲಿದ್ದಾಳೆ ಎಂದು ನನಗೆ ಗೊತ್ತಿಲ್ಲ. ಜಯಳಿಗೂ ಗೊತ್ತಿಲ್ಲ. ಭಾನುವಾರ ಜಯ ನಮ್ಮ ಮನೆಗೆ ಬರುತ್ತಾಳೆ, ಶಶಿಯ ಕಾಲ್ ನನ್ನ ಫೋನಿಗೆ ಬರುತ್ತದೆ. ಅವಳ ಮುಖ ಕಾಣುತ್ತದೆ, ಹಿಂದೆ ಒಂದು ಬಿಳಿ ಪರದೆ. ಕಿಟಕಿ ಕಾಣುವುದಿಲ್ಲ, ಬೆಳಕು ಕಾಣುವುದಿಲ್ಲ. ಹೋದ ಭಾನುವಾರ ನಮ್ಮಲ್ಲಿ ಜೋರು ಮಳೆ. ಜಯ ಹೆಂಚಿನ ಸದ್ದಿಗೆ ದನಿಯೇರಿಸಿ ಕೇಳಿದಳು, "ಅಲ್ಲೂ ಮಳೆನಾ ಮಗ?"

ಶಶಿ ಹಿಂದಿನ ಪರದೆಯನ್ನು ಒಮ್ಮೆ ಎಳೆದು ಸರಿಮಾಡಿದಳು.

"ಅದನ್ನೂ ಕೇಳಬೇಡ ಕಣವ್ವ."

"ಆಯ್ತು ಕಣವ್ವ, ಕೇಳಕಿಲ್ಲ" ಎಂದು ಜಯ ಸೆರಗಿನಿಂದ ಫೋನಿನ ಗಾಜು ಒರೆಸಿದಳು. "ಉಂಡ್ಯಾ?"

"ಉಂಡೆ ಕಣವ್ವ."